ನೆರವು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗಿನಿಂದ ನಮ್ಮ ಸಂಘ ಮಳೆಗಾಲದ ಪರಿಹಾರದ ಕೆಲಸ ಮಾಡುತ್ತಿದೆ. ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ಹಣದಲ್ಲಿ ಪಾಲು ಕೊಡುವುದಾಗಿ ಹೇಳಿ, ಈಗ ಆಗದು ಅನ್ನುತ್ತಿದೆ. ದುಬೈಯಲ್ಲಿರುವ ಊರಿನವರಿಂದ ಪಡೆಯಬಹುದೇ?
– ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಆ ಸಂಸ್ಥೆ ಹೇಳಿದ್ದು ಸರಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಒಂದು ಸಂಸ್ಥೆ ಅಂಥ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಮಾನವೀಯ ನೆರವಿನ ವಿಶ್ವ ಸಮಾವೇಶದಲ್ಲಿ ದಾನಿ ದೇಶಗಳೂ ದೊಡ್ಡ ಸಂಸ್ಥೆಗಳೂ 2020ರೊಳಗೆ ನೆರವಿನ ಶೇ. 25ರಷ್ಟನ್ನು ಆಯಾ ದೇಶದ, ಊರಿನ ಸಂಸ್ಥೆಗಳಿಗೇ ಮುಟ್ಟಿಸುವುದಾಗಿ ಒಪ್ಪಿದ್ದವು. ಆ ಗುರಿ ಮುಟ್ಟಲಿಲ್ಲ. ನಮ್ಮಲ್ಲಂತೂ ಅದೇ 2020ರಲ್ಲಿ ಸಣ್ಣ ಸಂಘಗಳ ದಾರಿ ಮುಚ್ಚಿತು. ಊರು ಬಲ್ಲವರ ಕೈಗೆ ಹಣ ಸಿಗದಂತಾದದ್ದು ನಷ್ಟವೇ.

ಆದರೂ ಕೆಲಸ ನಿಲ್ಲಬೇಕಿಲ್ಲ. ಸಂಸ್ಥೆಯೇ ತನ್ನ ಹೆಸರಿನ ಬಿಲ್ಲಿನಲ್ಲಿ ಸಾಮಾನು ಕೊಂಡು ಹಂಚಲಿ. ಫಲಾನುಭವಿಗಳ ಪಟ್ಟಿ, ದಾಸ್ತಾನಿಗೆ ಜಾಗ, ಹಂಚುವ ಜನ ನಿಮ್ಮದಿರಲಿ. ದುಬೈಯವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಂಡು ರಸೀದಿ ಕೊಡಿ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಘದ ಖಾತೆಗೆ ಹಾಕಿಸಿಕೊಳ್ಳಬೇಡಿ.

ಪ್ರಶ್ನೆ: ಶಾಲೆಯಲ್ಲಿ 40 ಜನರಿಗೆ ಆಶ್ರಯ ಕೊಡಬೇಕಾದರೆ ಏನೇನು ಬೇಕು?
– ಓದುಗರು, ಸಕಲೇಶಪುರ

ಉತ್ತರ: ವಿಪತ್ತು ಪರಿಹಾರಕ್ಕಿರುವ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡದಂತೆ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಅಂದರೆ 600 ಲೀಟರ್. 20 ಜನರಿಗೊಂದರಂತೆ ಎರಡು ಶೌಚಾಲಯ. ಒಬ್ಬರಿಗೆ 3.5 ಚದರ ಮೀಟರ್ ಜಾಗ. 20 ಅಡಿ ಉದ್ದಗಲದ ಕೊಠಡಿಗೆ ಹತ್ತೇ ಜನ, ಹಾಗಾಗಿ ನಾಲ್ಕು ಕೊಠಡಿ.

ಎಡವುವುದು ಪಟ್ಟಿಯಲ್ಲಿ. ರೇಷನ್ ಕಾರ್ಡ್ ನೋಡಿ ಬರೆದರೆ ತೋಟದ ಲೈನ್ ಮನೆಯಲ್ಲಿರುವ ಅಸ್ಸಾಂ ಕೂಲಿಕಾರರು ಬಿಟ್ಟೇಹೋಗುತ್ತಾರೆ. ಜೂನ್‌ಗೆ ಮೊದಲೇ ಲೈನ್ ಲೈನಿಗೂ ಹೋಗಿ ತಲೆ ಎಣಿಸಿ. ಬಾಣಂತಿಯರು, ಕೂಸುಗಳು, ದಿನಾ ಮಾತ್ರೆ ನುಂಗುವವರನ್ನು ಬೇರೆ ಗುರುತಿಸಿ. ಹಳೇ ಬಟ್ಟೆಯನ್ನು ಬೇಡವೆನ್ನಿ: ಆರಿಸಲು ಆಳು ಬೇಕು, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕಂಬಳಿ, ಟಾರ್ಪಾಲು, ಮುಚ್ಚಳವಿರುವ ಬಿಂದಿಗೆ ಕೇಳಿ. ಅಕ್ಕಿ ಬಂತೆಂದರೆ ಪಾತ್ರೆ, ಗ್ಯಾಸ್ ಸಿಲಿಂಡರ್ ಇದೆಯೇ ನೋಡಿ. ದಾಸ್ತಾನನ್ನು ರಸ್ತೆ ಕುಸಿಯುವ ಜಾಗದ ಆಚೆಗೂ ಈಚೆಗೂ ಎರಡು ಕಡೆ ಇಡಿ.