ಏರ್‌ಪೋರ್ಟ್ ಬಿಟ್ಟು ಹೊರಗೆ ಹೋಗದಿದ್ದರೂ ಟ್ರಾನ್ಸಿಟ್‌ಗೆ ವೀಸಾ ಬೇಕಾ?

ಅಪ್ಪ ಅಮ್ಮನಿಗೆ ಕೆನಡಾ ವೀಸಾ ಇದೆ, ಪ್ಯಾರಿಸ್ ಆಮೇಲೆ ಆಮ್‌ಸ್ಟರ್‌ಡ್ಯಾಂ ಮೂಲಕ ಟೊರಾಂಟೊಗೆ ಟಿಕೆಟ್ ಅಗ್ಗಕ್ಕೆ ಸಿಗುತ್ತಿದೆ, ಹೊರಗೆ ಕಾಲಿಡುವುದಿಲ್ಲ, ಹಾಗಾಗಿ ಬೇರೆ ವೀಸಾ ಬೇಡ ಅಲ್ವಾ ಅಂತ ಕೇಳಿದ್ದೀರಿ. ಬೇಕು. ದಯವಿಟ್ಟು ಆ ಟಿಕೆಟ್ ಬುಕ್ ಮಾಡಬೇಡಿ.

ಅಮ್ಮನನ್ನು ಬೋಸ್ಟನ್‌ನಲ್ಲಿರುವ ಅಕ್ಕನ ಮನೆಗೆ ಕಳಿಸುವಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಬೆಂಗಳೂರು, ಫ್ರಾಂಕ್‌ಫರ್ಟ್, ಲಿಸ್ಬನ್, ಬೋಸ್ಟನ್. ಎಲ್ಲಾ ಒಂದೇ ಟಿಕೆಟ್‌ನಲ್ಲಿ, ಲಗೇಜ್ ನೇರ ಬೋಸ್ಟನ್‌ಗೆ. ಅಮೆರಿಕ ವೀಸಾ ಇದ್ದವರಿಗೆ ಫ್ರಾಂಕ್‌ಫರ್ಟ್‌ನಲ್ಲಿ ಟ್ರಾನ್ಸಿಟ್ ವೀಸಾ ಬೇಡ ಅಂತ ಓದಿಕೊಂಡಿದ್ದೆ, ಅದು ನಿಜ ಕೂಡ. ಅಲ್ಲಿಗೇ ಓದು ನಿಲ್ಲಿಸಿಬಿಟ್ಟೆ.

ಮಧ್ಯರಾತ್ರಿ ದೇವನಹಳ್ಳಿ ಏರ್‌ಪೋರ್ಟ್, ಟಿ2. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಲ್ಲ, ನಾನು ಗಾಜಿನ ಈಚೆ ನಿಂತಿದ್ದೆ. ಅಮ್ಮ ಫೋನ್ ಮಾಡಿ, ಚಟ್ನಿಪುಡಿ ಹಪ್ಪಳ ಎಲ್ಲಾ ಸೇರಿ ತೂಕ ಸರಿಹೋಯ್ತು ಅಂತ ಖುಷಿಯಿಂದ ಹೇಳುತ್ತಿದ್ದರು, ಅಷ್ಟರಲ್ಲಿ ಕೌಂಟರ್‌ನ ಹುಡುಗಿ ಪಾಸ್‌ಪೋರ್ಟನ್ನು ಮೊದಲ ಪುಟದಿಂದ ಇನ್ನೊಮ್ಮೆ ತಿರುವಿ ಕೇಳಿದ್ದು ನನಗೂ ಕೇಳಿಸಿತು: "ಆಂಟಿ, ಷೆಂಗೆನ್ ವೀಸಾ ಎಲ್ಲಿದೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಕೇಳಿದ ಪ್ರಶ್ನೆಯೇ ತಪ್ಪು. ಏರ್‌ಪೋರ್ಟ್ ಬಾಗಿಲು ದಾಟುತ್ತೀರಾ ಇಲ್ವಾ ಅನ್ನೋದು ಮುಖ್ಯ ಅಲ್ಲ. ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ನಡುವೆ ಪಾಸ್‌ಪೋರ್ಟ್ ಕಂಟ್ರೋಲ್ ಬರುತ್ತಾ ಅನ್ನೋದು ಮುಖ್ಯ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ, ನಡುವೆ ಪಾಸ್‌ಪೋರ್ಟ್ ಕಂಟ್ರೋಲ್ ಇಲ್ಲದ ಯುರೋಪ್ ದೇಶಗಳ ಗುಂಪು; ಜರ್ಮನಿ, ಪೋರ್ಚುಗಲ್, ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಎಲ್ಲಾ ಅದರ ಒಳಗಿನವು. ಹಾಗಾಗಿ ಫ್ರಾಂಕ್‌ಫರ್ಟಿಂದ ಲಿಸ್ಬನ್‌ಗೆ ಹೋಗುವುದು ನಾವು ಇಲ್ಲಿಂದ ಹುಬ್ಬಳ್ಳಿಗೆ ಹಾರಿದ ಹಾಗೆ, ಡೊಮೆಸ್ಟಿಕ್. ಆ ವಿಮಾನ ಹತ್ತಬೇಕಾದರೆ ಫ್ರಾಂಕ್‌ಫರ್ಟ್‌ನಲ್ಲೇ ಇಮಿಗ್ರೇಷನ್ ದಾಟಬೇಕು, ಅಂದರೆ ಯುರೋಪಿಗೆ ಪ್ರವೇಶ ಮಾಡಿದ ಲೆಕ್ಕ. ಅಮೆರಿಕ ವೀಸಾ ಅದಕ್ಕೆ ಉಪಯೋಗಕ್ಕೆ ಬರಲ್ಲ. ನಿಮ್ಮ ಕೆನಡಾ ವೀಸಾನೂ ಅಷ್ಟೇ. ಪ್ಯಾರಿಸ್ ಒಂದೇ ಅಥವಾ ಆಮ್‌ಸ್ಟರ್‌ಡ್ಯಾಂ ಒಂದೇ ಆಗಿದ್ದರೆ ತೊಂದರೆ ಇರಲಿಲ್ಲ, ಎರಡೂ ಸೇರಿದ್ದರಿಂದ ಕೆಟ್ಟಿತು.

ಬುಕಿಂಗ್ ಸೈಟ್ ಇದರ ಬಗ್ಗೆ ಒಂದಕ್ಷರ ಹೇಳಲಿಲ್ಲ. ಹೇಳುವುದೂ ಇಲ್ಲ, "ವೀಸಾ ಪ್ರಯಾಣಿಕರ ಜವಾಬ್ದಾರಿ" ಅಂತ ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಬರೆದು ಕೈತೊಳೆದುಕೊಂಡಿರುತ್ತಾರೆ. ಕೌಂಟರ್‌ನವರ ಹತ್ತಿರ ಜಗಳ ಆಡಿಯೂ ಪ್ರಯೋಜನವಿಲ್ಲ. ಯಾರಿಗೆ ಎಲ್ಲಿ ಯಾವ ವೀಸಾ ಬೇಕು ಅಂತ ತೋರಿಸುವ ಟಿಮ್ಯಾಟಿಕ್ ಅನ್ನೋ ಸಿಸ್ಟಮ್‌ನಲ್ಲಿ ಅವರು ನೋಡುತ್ತಾರೆ, ಈ ದಾಖಲೆಗಳಲ್ಲಿ ಹೋಗಲಾಗಲ್ಲ ಅಂತ ಅದರಲ್ಲಿ ಬಂದರೆ ಬೋರ್ಡಿಂಗ್ ಪಾಸ್ ಇಲ್ಲ, ಏಕೆಂದರೆ ದಾಖಲೆ ಇಲ್ಲದವರನ್ನು ಕರೆದುಕೊಂಡು ಹೋದರೆ ದಂಡ ಏರ್‌ಲೈನ್‌ಗೇ ಬೀಳುತ್ತೆ. ಟಿಕೆಟ್ ದುಡ್ಡು ಪೂರ್ತಿ ಹೋಯ್ತು. ಎರಡು ದಿನ ಬಿಟ್ಟು ದೋಹಾ ಮೂಲಕ ಕಳಿಸಿದೆ, ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೊಟ್ಟು. ಆ ರಾತ್ರಿ ಕಾರಿನಲ್ಲಿ ವಾಪಸ್ ಬರುವಾಗ ಹೆಬ್ಬಾಳದವರೆಗೂ ಅಮ್ಮ ಮಾತಾಡಲಿಲ್ಲ.

ನನ್ನ ಕೇಳಿದರೆ ವಯಸ್ಸಾದವರಿಗೆ ಎರಡು ಸ್ಟಾಪ್ ಟಿಕೆಟ್ಟೇ ಬೇಡ, ದುಬೈ ಅಥವಾ ದೋಹಾ ಒಂದೇ ಸ್ಟಾಪ್ ನೋಡಿ. ಏರ್‌ಪೋರ್ಟ್ ಒಳಗೇ ಇದ್ದರೆ ಅಲ್ಲಿ ನಮ್ಮವರಿಗೆ ಟ್ರಾನ್ಸಿಟ್ ವೀಸಾ ಕೇಳಲ್ಲ. ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ಜೋಡಿಸುವ ಐಡಿಯಾ ಇದ್ದರೆ ಅದನ್ನೂ ಬಿಡಿ, ಲಗೇಜ್ ಅರ್ಧ ದಾರಿಯಲ್ಲಿ ಇಳಿಯುತ್ತೆ, ಅದನ್ನು ತಗೊಳ್ಳೋ ಬೆಲ್ಟ್ ಇರೋದು ಇಮಿಗ್ರೇಷನ್ ಆಚೆಗೆ. ಇನ್ನು ಯಾರಾದರೂ ಅಮೆರಿಕ ಮೂಲಕ ಟೊರಾಂಟೊ ಅಗ್ಗ ಅಂದರೆ ಕೇಳಲೇಬೇಡಿ. ಅಲ್ಲಿ ಬರೀ ವಿಮಾನ ಬದಲಿಸಲಿಕ್ಕೂ ಇಮಿಗ್ರೇಷನ್ ದಾಟಬೇಕು, ಅಮೆರಿಕ ವೀಸಾ ಇಲ್ಲದೆ ಆಗಲ್ಲ.

ವಾಪಸ್ ಬರುವ ಟಿಕೆಟ್‌ನ ಸ್ಟಾಪ್‌ಗಳನ್ನೂ ಒಮ್ಮೆ ನೋಡಿಕೊಳ್ಳಿ. ಎಷ್ಟೋ ಸಲ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಇರುತ್ತೆ.