30 ಸಾವಿರದ ಐಫೋನನ್ನ 16 ಸಾವಿರಕ್ಕೆ ಕೊಡ್ತೀನಿ ಅಂತಿದ್ದಾರೆ, ತಗೊಳ್ಳಬಹುದಾ?

ಮೆಜೆಸ್ಟಿಕ್ ಹತ್ತಿರದ ಅಂಗಡಿ, ಐಫೋನ್ 13, 128 ಜಿಬಿ. ಬೇರೆ ಕಡೆ 30 ಸಾವಿರ ಹೇಳೋದು ಇಲ್ಲಿ 16 ಸಾವಿರ. ಬಾಕ್ಸ್ ಇದೆ, ಬಿಲ್ ಇಲ್ಲ, ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟಾಗಿದೆ. ಈಗ ಬಂದು ‘ಒರಿಜಿನಲ್ಲಾ ಡೂಪ್ಲಿಕೇಟಾ ಹೇಗೆ ಪತ್ತೆ ಮಾಡೋದು’ ಅಂತ ಕೇಳ್ತಿದ್ದೀರಿ. ನಾನು ಫೋನ್ ರಿಪೇರಿ ಮಾಡೋನು, ಇಂಥವು ಟೇಬಲ್ ಮೇಲೆ ಬರ್ತಾನೇ ಇರುತ್ತವೆ. ಅದು ಬಹುತೇಕ ಒರಿಜಿನಲ್ಲೇ ಇರುತ್ತೆ. ಡೂಪ್ಲಿಕೇಟ್ ಐಫೋನ್ ಹಿಡಿಯೋಕೆ ಎರಡು ನಿಮಿಷ ಸಾಕು, ಆಪ್ ಸ್ಟೋರ್ ಒತ್ತಿದ್ರೆ ಒಳಗಿಂದ ಪ್ಲೇ ಸ್ಟೋರ್ ತೆರೆದುಕೊಳ್ಳುತ್ತೆ. ನೀವು ಕೇಳಬೇಕಾದ್ದು ಬೇರೆ: ಈ ಫೋನು ಯಾರ ಹೆಸರಲ್ಲಿದೆ?

ಪೀಣ್ಯ ಕಡೆ ಕೆಲಸ ಮಾಡೋ ಒಬ್ಬ ಹುಡುಗ ತಂದಿದ್ದ ಫೋನಿನ ಕಥೆ ಹೇಳ್ತೀನಿ. ಅದೂ ಐಫೋನ್ 13, ಅದೂ ಕಮ್ಮಿ ರೇಟು. ಅವನು ಕಣ್ಣು ಮುಚ್ಚಿಕೊಂಡು ದುಡ್ಡು ಕೊಟ್ಟಿರಲಿಲ್ಲ. *#06# ಒತ್ತಿ ಐಎಂಇಐ (ಪ್ರತಿ ಫೋನಿಗೂ ಇರೋ 15 ಅಂಕಿಯ ಗುರುತಿನ ನಂಬರ್) ನೋಡಿದ್ದ, ಸೆಟ್ಟಿಂಗ್ಸ್‌ನಲ್ಲಿರೋದಕ್ಕೂ ಬಾಕ್ಸ್ ಮೇಲಿರೋದಕ್ಕೂ ತಾಳೆ ಹಾಕಿದ್ದ. ಐಎಂಇಐ ಪರೀಕ್ಷಿಸೋ ಸರ್ಕಾರಿ ನಂಬರ್ 14422ಕ್ಕೆ ಮೆಸೇಜ್ ಕಳಿಸಿದ್ದ, ವ್ಯಾಲಿಡ್ ಅಂತ ಬಂದಿತ್ತು. ಫೇಸ್ ಐಡಿ, ಕ್ಯಾಮೆರಾ, ಸ್ಪೀಕರ್, ಮೈಕು ಎಲ್ಲಾ ಸರಿ. ತನ್ನ ಸಿಮ್ ಹಾಕಿ ಕಾಲ್ ಮಾಡಿಯೂ ನೋಡಿದ್ದ. ಕೆಲವು ತಿಂಗಳು ಫೋನು ಚೆನ್ನಾಗೇ ಓಡಿತು. ಆಮೇಲೆ ಸ್ಟೋರೇಜ್ ತುಂಬಿ ಹ್ಯಾಂಗ್ ಆಗ್ತಿದೆ ಅಂತ ತಾನೇ ಫುಲ್ ರೀಸೆಟ್ ಹೊಡೆದ. ‘ಹಲೋ’ ಬಂತು, ಭಾಷೆ ಕೇಳಿತು, ವೈಫೈ ಕೊಟ್ಟ. ಮುಂದಿನ ಸ್ಕ್ರೀನ್‌ನಲ್ಲಿ ‘ರಿಮೋಟ್ ಮ್ಯಾನೇಜ್‌ಮೆಂಟ್’ ಅಂತ ಬರೆದು, ಕೆಳಗೆ ಒಂದು ಕಂಪನಿ ಹೆಸರು, ಅದರ ಕೆಳಗೆ ಆಫೀಸಿನ ಐಡಿ, ಪಾಸ್‌ವರ್ಡ್ ಹಾಕೋ ಜಾಗ. ಅಲ್ಲಿಂದ ಮುಂದಕ್ಕೆ ದಾರಿ ಇಲ್ಲ. ಮಾರಿದವನ ನಂಬರು ಸ್ವಿಚ್ ಆಫ್.

ಅವನು ತಪ್ಪಿದ್ದು ಒಂದೇ ಕಡೆ. ಸೆಟಪ್ ಆಗಿ ಓಡ್ತಿದ್ದ ಫೋನನ್ನ ಚೆಕ್ ಮಾಡಿದ, ಅಳಿಸಿ ಖಾಲಿ ಮಾಡಿಸಿ ಚೆಕ್ ಮಾಡಲಿಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಯೂಟ್ಯೂಬ್ ನೋಡಿಕೊಂಡು ಬರೋರು ಜಾಸ್ತಿ ಎಡವೋದು ಇಲ್ಲೇ.

ಕಂಪನಿಗಳು ಫೋನು ಒಟ್ಟಿಗೆ ಕೊಂಡಾಗ ಅವುಗಳ ಸೀರಿಯಲ್ ನಂಬರ್ ‘ಆಪಲ್ ಬಿಸಿನೆಸ್ ಮ್ಯಾನೇಜರ್’ ಅನ್ನೋ ಪಟ್ಟಿಗೆ ಸೇರುತ್ತೆ. ಆ ಪಟ್ಟಿ ಇರೋದು ಆಪಲ್ ಸರ್ವರ್‌ನಲ್ಲಿ, ಫೋನಿನೊಳಗಲ್ಲ. ಫೋನನ್ನ ಅಳಿಸಿ ಇಂಟರ್ನೆಟ್‌ಗೆ ಸೇರಿಸಿದಾಗಲೆಲ್ಲ ಅದು ಸರ್ವರ್ ಹತ್ತಿರ ‘ನಾನು ಯಾರಿಗಾದ್ರೂ ಸೇರಿದ್ದೀನಾ’ ಅಂತ ಕೇಳುತ್ತೆ, ಹೌದು ಅಂದ್ರೆ ಆ ಸ್ಕ್ರೀನ್ ಬಂದು ನಿಲ್ಲುತ್ತೆ. ಬೈಪಾಸ್ ಮಾಡೋರು ಕೇಬಲ್ ಹಾಕಿ ಕಂಪ್ಯೂಟರ್‌ನಿಂದ ಫೋನಿನ ಕಡೆಯ ಫೈಲುಗಳನ್ನಷ್ಟೇ ಬದಲಾಯಿಸಿ ಆ ಸ್ಕ್ರೀನನ್ನ ದಾಟಿಸ್ತಾರೆ. ಸರ್ವರ್‌ನಲ್ಲಿರೋ ಹೆಸರು ಹಾಗೇ ಇರುತ್ತೆ. ದಾಟಿದ ಮೇಲೆ ಕಾಲ್, ವಾಟ್ಸಾಪ್, ಯುಪಿಐ ಎಲ್ಲಾ ಮಾಮೂಲು. ಮುಂದಿನ ರೀಸೆಟ್ ತನಕ ನೀವು ಏನೇ ಟೆಸ್ಟ್ ಮಾಡಿದ್ರೂ ಪಾಸ್. 14422 ಕೂಡ ಏನೂ ಹೇಳಲ್ಲ, ಕಂಪನಿ ಕಳುವಿನ ದೂರು ಕೊಟ್ಟಿದ್ರೆ ತಾನೇ ಅದಕ್ಕೆ ಗೊತ್ತಾಗೋದು. ಕೆಲಸ ಬಿಟ್ಟವರು ವಾಪಸ್ ಕೊಡದೇ ಉಳಿಸಿಕೊಂಡಿದ್ದೋ, ಹಳೇ ಫೋನುಗಳನ್ನ ಪಟ್ಟಿಯಿಂದ ತೆಗೆಯದೆ ಸ್ಕ್ರ್ಯಾಪಿಗೆ ಹಾಕಿದ್ದೋ, ಹೀಗೇ ಹೊರಗೆ ಬಂದಿರುತ್ತವೆ. ಬೆಂಗಳೂರಲ್ಲಿ ಕಂಪನಿಗಳಿಗೇನು ಬರವಾ? ಆ ಹೆಸರನ್ನ ತೆಗೆಯೋ ಅಧಿಕಾರ ಆ ಕಂಪನಿಗೆ ಮಾತ್ರ. ಸರ್ವಿಸ್ ಸೆಂಟರ್‌ನವರೂ ತೆಗೆಯಲ್ಲ. ನಮ್ಮಂಥವರ ಹತ್ತಿರ ಬಂದು ‘ಇನ್ನೊಂದ್ಸಲ ಬೈಪಾಸ್ ಹೊಡೀರಿ ಅಣ್ಣಾ’ ಅಂತಾರೆ. ನಾನು ಮಾಡಲ್ಲ.

ಹಾಗಾಗಿ ದುಡ್ಡು ಕೊಡೋ ಮುಂಚೆ, ಅಂಗಡಿಯಲ್ಲೇ, ನಿಮ್ಮ ಕಣ್ಣೆದುರು ಫೋನು ಅಳಿಸಬೇಕು. ಸೆಟ್ಟಿಂಗ್ಸ್, ಜನರಲ್, ಕೊನೆಯಲ್ಲಿ ‘ಟ್ರಾನ್ಸ್‌ಫರ್ ಆರ್ ರೀಸೆಟ್’, ಅದರಲ್ಲಿ ‘ಇರೇಸ್ ಆಲ್ ಕಂಟೆಂಟ್’. ಆಪಲ್ ಐಡಿ (ಈಗಿನ ಹೆಸರು ಆಪಲ್ ಅಕೌಂಟ್) ಪಾಸ್‌ವರ್ಡ್ ಕೇಳಿದ್ರೆ ಮಾರೋನು ಹಾಕಬೇಕು. ಅವನಿಗೆ ಗೊತ್ತಿಲ್ಲ ಅಂದ್ರೆ ಮಾತು ಮುಗೀತು, ಎದ್ದು ಬನ್ನಿ. ಅಳಿಸಿದ ಮೇಲೆ ಅಂಗಡಿ ವೈಫೈ ಬೇಡ, ನಿಮ್ಮ ಹಾಟ್‌ಸ್ಪಾಟ್ ಕೊಡಿ. ಅಂಗಡಿ ವೈಫೈನಲ್ಲಿ ಡಿಎನ್‌ಎಸ್ (ಇಂಟರ್ನೆಟ್ ವಿಳಾಸ ಹುಡುಕಿಕೊಡೋ ಸೆಟ್ಟಿಂಗ್) ಬದಲಾಯಿಸಿ ಆಪಲ್‌ನ ಆ ಪಟ್ಟಿಯ ವಿಳಾಸಕ್ಕೆ ಫೋನು ಹೋಗದ ಹಾಗೆ ತಡೆಯೋಕೆ ಆಗುತ್ತೆ. ‘ಐಫೋನ್ ಲಾಕ್ಡ್ ಟು ಓನರ್’ ಬಂದ್ರೆ ಹಳೇ ಮಾಲೀಕರ ಲಾಕು, ‘ರಿಮೋಟ್ ಮ್ಯಾನೇಜ್‌ಮೆಂಟ್’ ಬಂದ್ರೆ ಕಂಪನಿ ಫೋನು. ಎರಡೂ ಬರದೆ ನಿಮ್ಮ ಆಪಲ್ ಐಡಿ ಹಾಕಿ ಹೋಮ್ ಸ್ಕ್ರೀನ್ ತನಕ ಬಂದ್ರೆ ಮಾತ್ರ ಮುಂದಿನ ಮಾತು. ಕಾಲು ಗಂಟೆ ಕೆಲಸ. ‘ಈಗಷ್ಟೇ ರೀಸೆಟ್ ಮಾಡಿಟ್ಟಿದ್ದು ಸಾರ್’, ‘ಸಾಫ್ಟ್‌ವೇರ್ ಹೋಗ್ಬಿಡುತ್ತೆ’, ‘ಗಿರಾಕಿಗಳು ಕಾಯ್ತಿದ್ದಾರೆ’ ಅಂತ ನೆಪ ಶುರುವಾದ್ರೆ ಉತ್ತರ ಸಿಕ್ಕಿತು ಅಂತ ತಿಳ್ಕೊಳ್ಳಿ.

ಆಂಡ್ರಾಯ್ಡ್ ಆದ್ರೂ ಇದೇ ವಿಧಾನ. ಅಲ್ಲಿ ಸೆಟಪ್ ಮಾಡುವಾಗ ವೈಫೈ ಸ್ಕಿಪ್ ಮಾಡೋ ಅವಕಾಶ ಇರುತ್ತೆ, ಮಾರೋನು ಅದನ್ನೇ ಒತ್ತೋಕೆ ನೋಡ್ತಾನೆ. ಬಿಡಬೇಡಿ. ಆಂಡ್ರಾಯ್ಡ್‌ನಲ್ಲಿ ಜಾಸ್ತಿ ತಲೆನೋವು ಇಎಂಐ ಲಾಕು. ಫೈನಾನ್ಸ್‌ನಲ್ಲಿ ಫೋನ್ ತಗೊಂಡು, ಒಂದೆರಡು ಕಂತು ಕಟ್ಟಿ, ಅರ್ಧ ರೇಟಿಗೆ ಮಾರಿಬಿಡ್ತಾರೆ. ಕಂತು ನಿಂತ ಮೇಲೆ ಸಾಲ ಕೊಟ್ಟೋರು ದೂರದಿಂದಲೇ ಸ್ಕ್ರೀನ್ ಲಾಕ್ ಮಾಡ್ತಾರೆ, ಆಗ ಕೈಯಲ್ಲಿ ಹಿಡಿದಿರೋರು ನೀವು. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ‘ಡಿವೈಸ್ ಅಡ್ಮಿನ್ ಆಪ್ಸ್’ ತೆರೆದು ಗೊತ್ತಿಲ್ಲದ ಹೆಸರು ಆನ್ ಇದೆಯಾ ನೋಡಿ. ಬಿಲ್‌ನಲ್ಲಿ ಫೈನಾನ್ಸ್ ಕಂಪನಿ ಹೆಸರಿದ್ರೆ ಸಾಲ ತೀರಿಸಿದ ಎನ್‌ಒಸಿ ಇಲ್ಲದೆ ಮುಟ್ಟಬೇಡಿ.

14422 ಬೇಡ ಅಂತಲ್ಲ, ಖಂಡಿತ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು 15 ಅಂಕಿಯ ಐಎಂಇಐ ಹಾಕಿ ಕಳಿಸಿ. ಸರ್ಕಾರದ ಸಂಚಾರ್ ಸಾಥಿ ಆಪ್‌ನಲ್ಲೂ ಇದೇ ಸಿಗುತ್ತೆ. ಡ್ಯುಯಲ್ ಸಿಮ್ ಆದ್ರೆ ಎರಡೂ ಐಎಂಇಐ ಒಂದೊಂದಾಗಿ ಹಾಕಿ. ವ್ಯಾಲಿಡ್ ಅನ್ನೋದನ್ನಷ್ಟೇ ನೋಡಿ ನಿಲ್ಲಿಸಬೇಡಿ, ಅದರ ಜೊತೆ ಬರೋ ಬ್ರ್ಯಾಂಡ್ ಮತ್ತು ಮಾಡೆಲ್ ಓದಿ. ಕೈಯಲ್ಲಿರೋದು ಒಂದು, ಮೆಸೇಜ್‌ನಲ್ಲಿ ಇನ್ನೊಂದು ಮಾಡೆಲ್ ಬಂದ್ರೆ ಬೋರ್ಡ್ ಬದಲಾಗಿದೆ ಅಥವಾ ಐಎಂಇಐ ತಿದ್ದಿದ್ದಾರೆ. ಐಎಂಇಐ ತಿದ್ದೋದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ ಇದೆ. 14422ರ ಮಿತಿಯೂ ತಿಳಿದಿರಲಿ: ಕಳುವಿನ ವಿಷಯದಲ್ಲಿ ಯಾರಾದ್ರೂ ಬ್ಲಾಕ್ ಮಾಡಿಸಿದ್ದಾರಾ ಅನ್ನೋದಷ್ಟೇ ಅಲ್ಲಿ ಗೊತ್ತಾಗೋದು. ನಿನ್ನೆ ರಾತ್ರಿ ಬಸ್ಸಲ್ಲಿ ಜೇಬಿಂದ ಹೋದ ಫೋನು ಇವತ್ತು ಬೆಳಿಗ್ಗೆ ವ್ಯಾಲಿಡ್ಡೇ. ಕಳೆದುಕೊಂಡೋರು ಆಮೇಲೆ ದೂರು ಕೊಟ್ಟು, ಕಳೆದ ಫೋನು ಬ್ಲಾಕ್ ಮಾಡೋ ಸರ್ಕಾರಿ ವ್ಯವಸ್ಥೆ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಿದ್ರೆ ದೇಶದ ಯಾವ ನೆಟ್‌ವರ್ಕ್‌ನಲ್ಲೂ ಅದು ನಡೆಯಲ್ಲ. ಅದಕ್ಕೆ ಸಿಮ್ ಹಾಕಿದ್ದು ನೀವು, ಹಾಗಾಗಿ ಠಾಣೆಯಿಂದ ಕಾಲ್ ಬರೋದೂ ನಿಮಗೇ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕದ್ದ ಮಾಲು ಅಂತ ಗೊತ್ತಿದ್ದು ತಗೊಂಡವರಿಗಷ್ಟೇ ಅಲ್ಲ, ಹಾಗೆ ನಂಬೋಕೆ ಕಾರಣ ಇದ್ದೂ ತಗೊಂಡವರಿಗೂ ಅನ್ವಯಿಸುತ್ತೆ. ಅರ್ಧ ರೇಟು, ಬಿಲ್ ಇಲ್ಲ. ಇನ್ನೇನು ಕಾರಣ ಬೇಕು?

‘ಬಿಲ್ ಇಲ್ಲ ಅದಕ್ಕೇ ಕಮ್ಮಿ’ ಅನ್ನೋ ಮಾತಿಗೆ ಲೆಕ್ಕ ಹಾಕಿ ನೋಡೋಣ. ಮೊಬೈಲ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಹೊಸ ಫೋನಾಗಿದ್ರೂ 30,000ದಲ್ಲಿ ತೆರಿಗೆ ಸುಮಾರು 4,576 ರೂಪಾಯಿ, ಅದನ್ನ ಪೂರ್ತಿ ಬಿಟ್ಟರೂ 25 ಸಾವಿರದ ಮೇಲೇ ಬರಬೇಕು. ಹಳೇ ಫೋನಿಗೆ ಡೀಲರ್ ತನ್ನ ಮಾರ್ಜಿನ್ ಮೇಲೆ ಮಾತ್ರ ಜಿಎಸ್‌ಟಿ ಕಟ್ಟಿದ್ರೆ ಸಾಕು. 25ಕ್ಕೆ ತಂದು 30ಕ್ಕೆ ಮಾರಿದ್ರೆ ತೆರಿಗೆ 800 ರೂಪಾಯಿ ಒಳಗೇ. ಬಿಲ್ ಇಲ್ಲದಿದ್ರೆ ಅವನಿಗೆ ಉಳಿಯೋದು ಅಷ್ಟು. ಮಿಕ್ಕ 13 ಸಾವಿರ ಎಲ್ಲಿಂದ ಬಿಡ್ತಿದ್ದಾನೆ ಅಂತ ಅವನನ್ನೇ ಕೇಳಿ.

ನಾಳೆ ಹೋಗಿ ‘ಬಿಲ್ ಕೊಡಿ’ ಅಂದ್ರೆ ಒಂದು ಪಿಡಿಎಫ್ ಬರಬಹುದು. ಅದರಲ್ಲಿ ಐಎಂಇಐ ಇದೆಯಾ ನೋಡಿ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಕರ್ನಾಟಕದ್ದಾದ್ರೆ 29ರಿಂದ ಶುರುವಾಗುತ್ತೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ‘ಸರ್ಚ್ ಟ್ಯಾಕ್ಸ್‌ಪೇಯರ್’ಗೆ ಹಾಕಿದ್ರೆ ಆ ಅಂಗಡಿ ಹೆಸರು ಬರಬೇಕು. ಆನ್‌ಲೈನ್‌ನಲ್ಲಿ ಕೊಂಡ ಫೋನಾದ್ರೆ ಮಾರೋರ ಆಪ್ ತೆರೆಸಿ ಆರ್ಡರ್ ಪೇಜನ್ನೇ ನೋಡಿ. ಪಿಡಿಎಫ್ ತಿದ್ದೋದು ಸುಲಭ. ಬಾಕ್ಸ್ ಮೇಲಿನ ಸ್ಟಿಕರ್‌ಗೆ ನಾನಂತೂ ಮೂರು ಕಾಸಿನ ಬೆಲೆ ಕೊಡಲ್ಲ, ಪ್ರಿಂಟ್ ಹೊಡೆಸಿರಬಹುದು.

ಮಾಲೀಕತ್ವದ ವಿಷಯ ಕ್ಲಿಯರ್ ಆದ ಮೇಲೆ ಪಾರ್ಟ್ಸ್ ನೋಡಿ. ಸೆಟ್ಟಿಂಗ್ಸ್, ಜನರಲ್, ಅಬೌಟ್. ‘ಮಾಡೆಲ್ ನಂಬರ್’ ಮೊದಲ ಅಕ್ಷರ ಎಂ ಆದ್ರೆ ಹೊಸದಾಗಿ ಮಾರಿದ್ದು, ಎಫ್ ಆದ್ರೆ ಆಪಲ್ಲೇ ರೀಫರ್ಬಿಶ್ ಮಾಡಿದ್ದು, ಎನ್ ಆದ್ರೆ ಸರ್ವಿಸ್‌ನಲ್ಲಿ ಬದಲಿಗೆ ಕೊಟ್ಟಿದ್ದು. ಕೆಳಗೆ ‘ಕ್ಯಾರಿಯರ್ ಲಾಕ್’ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತಿರಬೇಕು. ಸಿಮ್ ಟ್ರೇ ಹೊರಗೆ ಎಳೆದು ನೋಡಿ, ಸಿಮ್‌ಗೆ ಅಂಟಿಕೊಂಡು ಕಾಗದದಷ್ಟು ತೆಳು ಚಿಪ್ ಇದ್ರೆ ಅದು ಆರ್‌ಸಿಮ್, ವಿದೇಶದ ಒಂದೇ ನೆಟ್‌ವರ್ಕ್‌ಗೆ ಲಾಕ್ ಆದ ಪೀಸು. ಟ್ರೇ ತೆಗೆದ ಸಂದಿಗೆ ಟಾರ್ಚ್ ಬಿಡಿ, ಒಳಗಿನ ಪುಟ್ಟ ಸ್ಟಿಕರ್ ಕೆಂಪಾಗಿದ್ರೆ ನೀರು ಹೋಗಿದೆ.

ಡಿಸ್‌ಪ್ಲೇಗೆ ಸ್ವಲ್ಪ ಟೈಮ್ ಕೊಡಿ. ‘ಅನ್‌ನೋನ್ ಪಾರ್ಟ್’ ಅಂತ ಬರದಿದ್ರೆ ಒರಿಜಿನಲ್ ಅಂತಲ್ಲ, ಹಳೇ ಸ್ಕ್ರೀನಿನ ಐಸಿ (ಪುಟ್ಟ ಚಿಪ್) ಕಿತ್ತು ಕಾಪಿ ಸ್ಕ್ರೀನಿಗೆ ಕೂರಿಸಿದ್ರೆ ಆ ಮೆಸೇಜೇ ಬರಲ್ಲ. ಪೂರ್ತಿ ಕಪ್ಪು ಚಿತ್ರ ತೆರೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಅಂಗೈ ಅಡ್ಡ ಹಿಡಿದು ಕತ್ತಲು ಮಾಡಿ ನೋಡಿ. 13ರದ್ದು ಓಎಲ್‌ಇಡಿ, ಕಪ್ಪು ಅಂದ್ರೆ ಕಗ್ಗತ್ತಲು. ಅಗ್ಗದ ಎಲ್‌ಸಿಡಿ ಸ್ಕ್ರೀನ್ ಹಾಕಿದ್ರೆ ಬೂದಿ ಬಣ್ಣದ ಮಬ್ಬು ಬೆಳಕು, ಅಂಚಿನಲ್ಲಿ ಇನ್ನೂ ಜಾಸ್ತಿ, ಸುತ್ತಲಿನ ಕಪ್ಪು ಪಟ್ಟಿಯೂ ದಪ್ಪ. ಬ್ಯಾಟರಿ ಹೆಲ್ತ್ 100 ಅಂತ ತೋರಿಸಿದ್ರೆ ಖುಷಿಪಡಬೇಡಿ. 2021ರಲ್ಲಿ ಬಂದ ಮಾಡೆಲ್ ಅದು. ಬ್ಯಾಟರಿ ಬದಲಾಯಿಸಿದ ದಾಖಲೆ ಇಲ್ಲದೆ 100 ಇದ್ರೆ ಪ್ರೋಗ್ರಾಮರ್ ಅನ್ನೋ ಸಾಧನದಿಂದ ಏರಿಸಿರೋ ಸಾಧ್ಯತೆ ಜಾಸ್ತಿ. 82 ತೋರಿಸೋ ಫೋನೇ ನನಗೆ ವಾಸಿ.

ನನ್ನ ಮಾತು ಕೇಳೋದಾದ್ರೆ ಈ 16 ಸಾವಿರದ್ದು ಬೇಡ. ಬಜೆಟ್ ಅಷ್ಟೇ ಅಂದ್ರೆ ಆ ದುಡ್ಡಿಗೆ ಬಿಲ್, ವಾರಂಟಿ ಸಮೇತ ಹೊಸ ಆಂಡ್ರಾಯ್ಡ್ ತಗೊಳ್ಳಿ. ಐಫೋನೇ ಬೇಕು ಅಂದ್ರೆ ಇನ್ನಷ್ಟು ದಿನ ದುಡ್ಡು ಕೂಡಿಸಿ, ಗೀರು ಬಿದ್ದಿರೋ, ಬ್ಯಾಟರಿ ಇಳಿದಿರೋ, ಆದ್ರೆ ಮೊದಲ ಮಾಲೀಕರೇ ಬಿಲ್ ಹಿಡಿದು ಮಾರ್ತಿರೋದನ್ನ ಹುಡುಕಿ. ದುಡ್ಡನ್ನ ಕ್ಯಾಶ್ ಬೇಡ, ಬಿಲ್‌ನಲ್ಲಿರೋ ಹೆಸರಿನವರ ಖಾತೆಗೇ ಯುಪಿಐ ಮಾಡಿ. ಒಂದು ಹಾಳೆಯಲ್ಲಿ ಐಎಂಇಐ, ತಾರೀಖು, ಮೊತ್ತ, ಇಬ್ಬರ ಸಹಿ ಇರಲಿ, ಜೊತೆಗೆ ಅವರ ಐಡಿ ಜೆರಾಕ್ಸ್.

ಕೊಟ್ಟಿರೋ ಸಾವಿರ ರೂಪಾಯಿ ಅಡ್ವಾನ್ಸ್‌ಗೆ ಹೀಗೆ ಮಾಡಿ: ಅಂಗಡಿಗೆ ಹೋಗಿ ‘ನನ್ನ ಹಾಟ್‌ಸ್ಪಾಟ್‌ನಲ್ಲಿ ರೀಸೆಟ್ ಮಾಡಿ ತೋರಿಸಿ, ಐಎಂಇಐ ಬರೆದು ಅಂಗಡಿ ಬಿಲ್ ಕೊಡಿ’ ಅಂತ ಕೇಳಿ. ಒಪ್ಪದಿದ್ರೆ ದುಡ್ಡು ವಾಪಸ್ ಕೇಳಿ. ಅದನ್ನೂ ಕೊಡದಿದ್ರೆ ಸಾವಿರ ಹೋಯ್ತು ಅಂದುಕೊಂಡು ಬನ್ನಿ, ಇನ್ನು 15 ಹಾಕಬೇಡಿ.