ಆಲೂಗಡ್ಡೆಗೆ ನೀರು ಜಾಸ್ತಿ ಕೊಟ್ಟಷ್ಟೂ ಇಳುವರಿ ಜಾಸ್ತಿ ಬರುತ್ತಾ?

ಸರ್, ನೀವು ಹೇಳಿರೋ ಪ್ರಕಾರ ಒಂದೂವರೆ ಎಕರೆ ಕುಫ್ರಿ ಜ್ಯೋತಿ ತಳಿ ಆಲೂಗಡ್ಡೆ, ಹಾಕಿ 22 ದಿನ, ಕೆಂಪು ಮಣ್ಣು, ಡ್ರಿಪ್ ಇದೆ, ಬೋರಲ್ಲಿ ಎರಡು ಇಂಚು ನೀರು. ಹೋದ ವರ್ಷ ಗೆಡ್ಡೆ ಒಡೆದು ಮಂಡಿಯಲ್ಲಿ ರೇಟ್ ಸಿಗಲಿಲ್ಲ, ಅದಕ್ಕೆ ಈ ಸಲ ದಿನಾ ಮೋಟ್ರು ಹಾಕಿ ಚೆನ್ನಾಗಿ ಕುಡಿಸೋಣ ಅಂತಿದೀರ. ನಾನು ಚಿಕ್ಕಬಳ್ಳಾಪುರ ಕಡೆಯವನು, ಹಿಂಗಾರಿಗೆ ಸುಮಾರು ವರ್ಷದಿಂದ ಆಲೂಗಡ್ಡೆ ಹಾಕ್ತಾ ಇದೀನಿ, ನೀವು ಮಾಡಬೇಕು ಅಂತಿರೋ ತಪ್ಪನ್ನ ನಾನು ಆಗ್ಲೇ ಮಾಡಿ ಮುಗಿಸಿದೀನಿ, ಅದಕ್ಕೆ ಬರೀತಿರೋದು.

ಗೆಡ್ಡೆ ಒಡೆದಿದ್ದು ನೀರು ಕಮ್ಮಿ ಆಗಿ ಅಂತ ನೀವು ಅಂದ್ಕೊಂಡಿದೀರ, ನಂಗೇನೋ ಹಾಗನ್ಸಲ್ಲ. ಬರೀ ಕಮ್ಮಿ ಆಗಿದ್ರೆ ಗೆಡ್ಡೆ ಸಣ್ಣದಾಗೋದು, ಗೋಲಿ ಜಾಸ್ತಿ ಬರೋದು, ಅಷ್ಟೇ. ಒಡೆಯೋದು ಯಾವಾಗ ಅಂದ್ರೆ ಒಂದಷ್ಟು ದಿನ ಒಣಗಿಸಿ ಆಮೇಲೆ ಒಂದೇ ಸಲ ಹೊಟ್ಟೆ ತುಂಬ ಕುಡಿಸಿದಾಗ. ಒಣಗಿದಾಗ ಗೆಡ್ಡೆ ಬೆಳೆಯೋದು ನಿಲ್ಲಿಸಿ ಸಿಪ್ಪೆ ಗಟ್ಟಿ ಆಗೋಕೆ ಶುರು ಆಗಿರುತ್ತೆ, ನೀರು ಸಿಕ್ಕ ತಕ್ಷಣ ಒಳಗಡೆ ಜೋರಾಗಿ ಊದ್ಕೊಳುತ್ತೆ, ಸಿಪ್ಪೆಗೆ ಆ ಸ್ಪೀಡ್ ಹಿಡಿಯೋಕಾಗಲ್ಲ, ಉದ್ದಕ್ಕೆ ಬಿರಿಯುತ್ತೆ. ಇಲ್ಲಾಂದ್ರೆ ಕಣ್ಣಿರೋ ಜಾಗದಿಂದ ಇನ್ನೊಂದು ಮರಿ ಗೆಡ್ಡೆ ಉಬ್ಬಿಕೊಂಡು ಬರುತ್ತೆ, ಕೆಲವು ಸಲ ಹೊರಗಡೆ ನೋಡೋಕೆ ಚೆನ್ನಾಗಿದ್ರೂ ಕುಯ್ದು ನೋಡಿದ್ರೆ ಮಧ್ಯದಲ್ಲಿ ಟೊಳ್ಳು.

ನಂದು ಕಥೆ ಕೇಳಿ. ಒಂದು ವರ್ಷ ಸರಿಯಾಗಿ 50 ದಿನ ದಾಟಿದ ಮೇಲೆ ಮೋಟ್ರು ಸುಟ್ಟೋಯ್ತು. ಎತ್ತೋಕೆ ಲಾರಿ ಸಿಗಲಿಲ್ಲ, ವೈಂಡಿಂಗ್ ಅಂಗಡಿಯವನು ಇವತ್ತು ನಾಳೆ ಅಂತ ಎಳೆದ, ಒಂಬತ್ತು ದಿನ ತೋಟಕ್ಕೆ ಒಂದು ಹನಿ ನೀರಿಲ್ಲ. ಮೋಟ್ರು ಇಳಿಸಿದ ದಿನ ಖುಷಿಗೆ ಡ್ರಿಪ್ಪೂ ಬಿಟ್ಟೆ, ಪೈಪ್ ಹಾಕಿ ಕಾಲುವೆಗೂ ಬಿಟ್ಟೆ, ಎರಡು ದಿನದಲ್ಲಿ ಗಿಡ ಎದ್ದು ಕೂತ್ಕೊಳ್ತು, ಆಹಾ ಬಚಾವಾದೆ ಅಂದ್ಕೊಂಡೆ. ಕಿತ್ತಾಗ ನೋಡಿದ್ರೆ ಅರ್ಧಕ್ಕರ್ಧ ಗಂಟು ಗಂಟು. ಮಂಡಿಯಲ್ಲಿ ಮೂಟೆ ಬಿಚ್ಚಿ ನೋಡಿ ಒಬ್ಬರು "ಏನಪ್ಪಾ, ಶುಂಠಿ ತಂದಿದೀಯಾ?" ಅಂದ್ರು. ತೂಕ ಅಂತ ನೋಡಿದ್ರೆ ಹೆಚ್ಚು ಕಮ್ಮಿ ಇರಲಿಲ್ಲ ಸರ್, ದುಡ್ಡು ಮಾತ್ರ ಅರ್ಧಕ್ಕಿಂತ ಕಮ್ಮಿ ಬಂತು. ಅವತ್ತು ಒಂಬತ್ತು ದಿನದ ಬಾಕಿನ ಒಂದೇ ದಿನ ತೀರಿಸೋಕೆ ಹೋಗದೆ ನಾಲ್ಕೈದು ದಿನದಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟಿದ್ರೆ ಇಷ್ಟು ಹಾಳಾಗ್ತಿರಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ, ಇದು ಮುಖ್ಯ, ಯಾಕಂದ್ರೆ ನೀವು ಜಾಸ್ತಿ ಕೊಡ್ತೀನಿ ಅಂತಿದೀರ ಆದ್ರೆ ನಿಮ್ಮ ಹತ್ರ ಜಾಸ್ತಿ ಕೊಡೋವಷ್ಟು ನೀರೇ ಇಲ್ಲ. ಬೋರಿನ ನೀರು ಅಳೆಯೋ ವಿ-ನಾಚ್ ಪ್ಲೇಟಲ್ಲಿ ಎರಡು ಇಂಚು ಅಂದ್ರೆ ಗಂಟೆಗೆ 2,800-2,900 ಲೀಟರ್ ಹತ್ರ. ತ್ರೀಫೇಸ್ 7 ಗಂಟೆ ಕೊಟ್ರು ಅಂತಾನೇ ಇಟ್ಕೊಳಿ (ಕೊಟ್ರೆ!), ದಿನಕ್ಕೆ 20,000 ಲೀಟರ್. ಒಂದು ಎಕರೆ ಮೇಲೆ ಒಂದು ಎಂಎಂ ನೀರು ನಿಲ್ಲಬೇಕಂದ್ರೆ 4,047 ಲೀಟರ್ ಬೇಕು. ಗಿಡ ಪೂರ್ತಿ ನೆಲ ಮುಚ್ಚಿ ಗೆಡ್ಡೆ ದಪ್ಪ ಆಗೋ ಟೈಮಲ್ಲಿ, ಜನವರಿ-ಫೆಬ್ರವರಿ ಬಿಸಿಲಿಗೆ, ದಿನಕ್ಕೆ 5 ಎಂಎಂ ಹತ್ರ ಕುಡಿಯುತ್ತೆ. ಅಂದ್ರೆ ಎಕರೆಗೆ 20,000 ಲೀಟರ್. ಒಂದೂವರೆ ಎಕರೆಗೆ 30,000. ನಿಮ್ಮ ಬೋರು ಕರೆಕ್ಟಾಗಿ ಒಂದು ಎಕರೆ ಸಾಕೋ ಬೋರು. ಹೋದ ವರ್ಷನೂ ಇದೇ ಜಮೀನು ಇದೇ ಬೋರು ಅಂದ್ರೆ, ಒಂದು ಕಡೆ ಕೊಡೋವಾಗ ಇನ್ನೊಂದು ಕಡೆ ಒಣಗಿಸಿ, ಆಮೇಲೆ ಅಲ್ಲಿಗೆ ಗೇಟ್ ವಾಲ್ವ್ ತಿರುಗಿಸಿ ಜಾಸ್ತಿ ಹೊತ್ತು ಬಿಟ್ಟಿರ್ತೀರ, ಅದಕ್ಕೇ ಒಡೆದಿರೋದು ಅಂತ ನನ್ನ ಅನುಮಾನ.

ಕಮ್ಮಿ ನೀರಲ್ಲಿ ಮ್ಯಾನೇಜ್ ಮಾಡೋಣ ಅಂದ್ರೆ ಆಲೂಗಡ್ಡೆ ಆ ಜಾತಿ ಅಲ್ಲ. ರಾಗಿ ತಡ್ಕೊಳುತ್ತೆ, ಹುರುಳಿ ತಡ್ಕೊಳುತ್ತೆ, ಇದರ ಬೇರು ಒಂದು ಒಂದೂವರೆ ಅಡಿ ಒಳಗೇ ಆಟ ಆಡೋದು, ಕೆಳಗಡೆ ಎಷ್ಟು ತೇವ ಇದ್ರೂ ಅದಕ್ಕೆ ಸಿಗಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಲೆಕ್ಕದಲ್ಲಿ ಆಲೂಗಡ್ಡೆಗೆ ಇಳುವರಿ ಸ್ಪಂದನೆ ಸಂಖ್ಯೆ 1.1, ಅಂದ್ರೆ ಬೆಳೆ ಪೂರ್ತಿ ಅವಧಿಯಲ್ಲಿ ಗಿಡ ಕುಡಿಯೋ ನೀರು 10 ಪರ್ಸೆಂಟ್ ಕಮ್ಮಿ ಆದ್ರೆ ಇಳುವರಿ 11 ಪರ್ಸೆಂಟ್ ಬೀಳುತ್ತೆ. ಆದ್ರೆ ಕೊನೆಗೆ ಬಲಿಯೋ ಹಂತದಲ್ಲಿ ಮಾತ್ರ ಅದೇ ಸಂಖ್ಯೆ 0.2, ಅಲ್ಲಿ ನೀರು ಉಳಿಸಿದ್ರೆ ನಷ್ಟ ತೀರಾ ಕಮ್ಮಿ.

ನಿಮ್ಮದು 22 ದಿನ ಅಂದ್ರಿ, ಈಗ್ಲೇ ಹುಷಾರಾಗಿರ್ಬೇಕು. ಇನ್ನೊಂದು ವಾರ ಹತ್ತು ದಿನದಲ್ಲಿ ಬುಡದಿಂದ ಬಿಳಿ ಬಳ್ಳಿ ಹೊರಟು ಅದರ ತುದಿ ಊದ್ಕೊಳೋಕೆ ಶುರು ಆಗುತ್ತೆ, ಗೆಡ್ಡೆ ಕಟ್ಟೋದು ಅಂದ್ರೆ ಇದೇ. ಎಷ್ಟು ಗೆಡ್ಡೆ ನಿಲ್ಲುತ್ತೆ ಅಂತ ಇಲ್ಲೇ ತೀರ್ಮಾನ ಆಗೋದು. ಈ ಟೈಮಲ್ಲಿ ಒಣಗಿಸಿದ್ರೆ ಗೆಡ್ಡೆ ಸಂಖ್ಯೆ ಕಮ್ಮಿ ಆಗೋದು ಒಂದು ಕಡೆ, ಕಜ್ಜಿ ಬರೋದು ಇನ್ನೊಂದು ಕಡೆ. ಕಜ್ಜಿ ಮಾಡೋ ಸೂಕ್ಷ್ಮಜೀವಿಗೆ ಒಣ ಮಣ್ಣು ಅಂದ್ರೆ ಇಷ್ಟ, ಎಳೇ ಗೆಡ್ಡೆ ಮೇಲೆ ಹತ್ಕೊಳುತ್ತೆ, ಗೆಡ್ಡೆ ಕಟ್ಟೋಕೆ ಶುರು ಆದಾಗಿಂದ ನಾಲ್ಕೈದು ವಾರ ಬೋದು (ಗಿಡದ ಬುಡಕ್ಕೆ ಏರಿಸಿರೋ ಮಣ್ಣಿನ ದಿಬ್ಬ) ಒಣಗದಂಗೆ ನೋಡ್ಕೊಂಡ್ರೆ ಅರ್ಧ ಕಾಟ ತಪ್ಪುತ್ತೆ. ಅಷ್ಟೇ ಅಲ್ಲ, ಬೋದು ಬಿರುಕು ಬಿಟ್ರೆ ಆ ಸಂದಿಯಲ್ಲೇ ಗೆಡ್ಡೆ ಪತಂಗ ಇಳಿದು ಮೊಟ್ಟೆ ಇಡುತ್ತೆ, ಬಿಸಿಲು ಬಿದ್ರೆ ಗೆಡ್ಡೆ ಹಸಿರಾಗುತ್ತೆ. ಅದಕ್ಕೆ ಮಣ್ಣು ಏರಿಸೋ ಕೆಲಸನ ಈ ವಾರನೇ ಮುಗಿಸಿ.

ಹಾಗಂತ ದಿನಾ ಕುಡಿಸಿ ಕೆಸರು ಮಾಡಿದ್ರೆ ಅದು ಬೇರೆ ತಲೆನೋವು. ಬೇರಿಗೆ ಗಾಳಿ ಆಡಲ್ಲ. ಗೆಡ್ಡೆ ಉಸಿರಾಡೋಕೆ ಸಿಪ್ಪೆ ಮೇಲೆ ಸಣ್ಣ ರಂಧ್ರ ಇರುತ್ತಲ್ಲ, ಅದು ತೆರ್ಕೊಂಡು ಊದುತ್ತೆ, ಕಿತ್ತಾಗ ಮೈಮೇಲೆಲ್ಲಾ ಬಿಳಿ ನುಚ್ಚಕ್ಕಿ ಅಂಟಿಸಿದಂಗೆ ಕಾಣಿಸ್ತಿದ್ರೆ ನೀರು ಜಾಸ್ತಿ ಆಗಿತ್ತು ಅಂತಾನೇ ಅರ್ಥ, ಆ ತೂತಿಂದಾನೇ ಕೊಳೆ ಒಳಗೆ ಹೋಗೋದು, ಅಂಥ ಮಾಲು ಮೂಟೆಯಲ್ಲಿ ನಾಲ್ಕು ದಿನ ಇದ್ರೆ ವಾಸನೆ ಬರುತ್ತೆ. ಸೊರಗು ರೋಗ ಇದ್ರೆ ಹರಿಯೋ ನೀರಲ್ಲೇ ಸಾಲಿಂದ ಸಾಲಿಗೆ ಹೋಗುತ್ತೆ. ಜೊತೆಗೆ ಕೆಂಪು ಮಣ್ಣಲ್ಲಿ ಹಾಕಿದ ಯೂರಿಯಾ ಎಲ್ಲಾ ನೀರಿನ ಜೊತೆ ಕೆಳಗೆ ಇಳಿದುಹೋಗುತ್ತೆ, ಎಲೆ ಹಳದಿ ಆಗುತ್ತೆ, ನೀವು ಗಾಬರಿಯಾಗಿ ಮತ್ತೆ ಯೂರಿಯಾ ಹಾಕ್ತೀರ, ಗಿಡ ಸೊಂಪಾಗಿ ಏಳುತ್ತೆ, ರಸ್ತೆಯಲ್ಲಿ ಹೋಗೋರೆಲ್ಲಾ ಏನ್ ಬೆಳೆ ಅಂತಾರೆ, ಗೆಡ್ಡೆ ಮಾತ್ರ ಬಲಿಯೋದೇ ಇಲ್ಲ. ಹಾಸನದಲ್ಲಿ ನಮ್ಮ ಬೀಗರು ಮುಂಗಾರಿಗೆ ಮಳೆ ನಂಬಿ ಹಾಕೋರು, ಅವರಿಗೆ ಈ ವಾಲ್ವ್ ಕಟ್ಟೋ ಭಾಗ್ಯನೂ ಇಲ್ಲ, ಮೋಡ ಕವಿದು ತಂಪಾಗಿ ಎಲೆ ಒದ್ದೆ ಇದ್ರೆ ಅಂಗಮಾರಿ ಬಂದು ವಾರದಲ್ಲಿ ಹೊಲ ಸುಟ್ಟಂಗಾಗುತ್ತೆ. ನಮಗೆ ಹಿಂಗಾರಲ್ಲಿ ಕಂಟ್ರೋಲ್ ನಮ್ಮ ಕೈಲಿದೆ, ಅದನ್ನ ಹಾಳು ಮಾಡ್ಕೋಬಾರ್ದು.

ಚಿಪ್ಸ್ ಕಂಪನಿಗೆ ಕೊಡಬಹುದಾ ಅಂತಾನೂ ಕೇಳಿದೀರ. ಅವರು ನೋಡೋದು ಸೈಜಿಗಿಂತ ಒಣ ಅಂಶ, 20 ಪರ್ಸೆಂಟ್ ಹತ್ರ ಇರಬೇಕು, ನೀರು ಜಾಸ್ತಿ ಇರೋ ಗೆಡ್ಡೆ ಎಣ್ಣೆ ಕುಡಿಯುತ್ತೆ. ಅದಕ್ಕೆ ಚಿಪ್ಸೋನಾ ಥರದ ತಳಿ ಬೇರೆ ಇದೆ, ಆದ್ರೂ ಕೊನೆ ಮೂರು ವಾರ ನೀರು ಸುರಿದ್ರೆ ಯಾವ ತಳಿ ಆದ್ರೂ ಪೇಲವ ಆಗುತ್ತೆ. ಮನೇಲೇ ನೋಡ್ಕೋಬಹುದು: ಮಣ್ಣು ತೊಳೆದು 5 ಕೆಜಿ ಗೆಡ್ಡೆ ತೂಗಿ, ನೆಟ್ ಚೀಲಕ್ಕೆ ಹಾಕಿ ತಕ್ಕಡಿಯಿಂದ ನೇತು ಹಾಕಿ ಡ್ರಮ್ಮಿನ ನೀರಲ್ಲಿ ಪೂರ್ತಿ ಮುಳುಗಿಸಿ ಮತ್ತೆ ತೂಗಿ. ನೀರೊಳಗೆ 370 ಗ್ರಾಂ ತೋರಿಸಿದ್ರೆ ಸಾಂದ್ರತೆ 1.08, ಪರವಾಗಿಲ್ಲ ಅಂತ. 300 ಗ್ರಾಂ ಹತ್ರ ಬಂದ್ರೆ ಮಂಡಿಗೇ ತಗೊಂಡು ಹೋಗಿ. ಇನ್ನೊಂದು, ಗೆಡ್ಡೆ ದಪ್ಪ ಆಗೋವಾಗ ಬಿಸಿಲು ಜಾಸ್ತಿ ಇದ್ದು ನೀರು ತಪ್ಪಿದ್ರೆ ಒಂದು ತುದಿಯಲ್ಲಿ ಸಕ್ಕರೆ ಅಂಶ ಸೇರ್ಕೊಂಡು, ಕರಿದಾಗ ಆ ತುದಿ ಮಾತ್ರ ಕಪ್ಪಾಗುತ್ತೆ, ಅದನ್ನೂ ರಿಜೆಕ್ಟ್ ಮಾಡ್ತಾರೆ.

ಸರಿ, ನಾನಾಗಿದ್ರೆ ಏನ್ ಮಾಡ್ತಿದ್ದೆ ಅಂದ್ರೆ, ಈಗ ಗಿಡ ಸಣ್ಣದಿದೆ, ಎರಡೂವರೆ ಎಂಎಂ ಸಾಕು, ಬೋರಲ್ಲಿ ನೀರು ಮಿಗುತ್ತೆ, ಕೃಷಿ ಹೊಂಡ ಇದ್ರೆ ಮಿಗೋದನ್ನೆಲ್ಲಾ ಅಲ್ಲಿಗೆ ತುಂಬ್ಸಿ ಇಟ್ಕೊಳ್ತೀನಿ. ಹೊಂಡ ಇಲ್ಲಾಂದ್ರೆ ಒಂದು ಎಕರೆಗೆ ಲೆಕ್ಕದ ಪ್ರಕಾರ ಪೂರ್ತಿ ಕೊಟ್ಟು, ಉಳಿದ ಅರ್ಧ ಎಕರೆನ 65-70 ದಿನಕ್ಕೇ ಎಳೇ ಗೆಡ್ಡೆಯಾಗಿ ಕಿತ್ತು ಮಾರ್ತೀನಿ. ಒಂದೂವರೆ ಎಕರೆಗೂ ಅರ್ಧಂಬರ್ಧ ಹಂಚೋಕೆ ಹೋದ್ರೆ ಎಲ್ಲಾ ಕಡೆ ಬಿ ಗ್ರೇಡೇ ಬರೋದು. ಡ್ರಿಪ್‌ನ ದಿನಾ ಇಲ್ಲಾ ದಿನ ಬಿಟ್ಟು ದಿನ ಓಡಿಸಿ, ಆದ್ರೆ ಗಂಟೆ ನೋಡ್ಕೊಂಡು ಅಲ್ಲ, ಮಣ್ಣು ನೋಡ್ಕೊಂಡು. ಬೋದಿನ ಪಕ್ಕ ಒಂದು ಗೇಣು ಕೆದಕಿ ಹಿಡಿ ಮಣ್ಣು ತಗೊಂಡು ಅಮುಕಿ, ಉಂಡೆ ಆಗಿ ಕೈಗೆ ತೇವ ಹತ್ತಬೇಕು, ಆದ್ರೆ ನೀರು ಜಿನುಗಬಾರ್ದು. ಉಂಡೆ ಕಟ್ಟದೆ ಉದುರಿದ್ರೆ ನೀವು ಒಂದೆರಡು ದಿನ ಆಗ್ಲೇ ಲೇಟು. ಸಾಲಿನ ಕೊನೆ ಗಿಡದ ಹತ್ರನೂ ನೋಡಿ, ನಾವೆಲ್ಲಾ ವಾಲ್ವ್ ಹತ್ರನೇ ನೋಡಿ ಮನೆಗೆ ಬರ್ತೀವಿ, ಅಲ್ಲಿ ಕೊನೆಯಲ್ಲಿ ಲ್ಯಾಟರಲ್ (ಸಾಲಿನುದ್ದಕ್ಕೂ ಹೋಗೋ ಡ್ರಿಪ್ ಪೈಪ್) ಇಲಿ ಕಡಿದು ನಾಲ್ಕು ದಿನ ಆಗಿರುತ್ತೆ.

80 ದಿನ ದಾಟಿ ಎಲೆ ಹಣ್ಣಾಗೋಕೆ ಶುರು ಆದ್ರೆ ಕಮ್ಮಿ ಮಾಡ್ತಾ ಬನ್ನಿ, ಕೀಳೋಕೆ 10-15 ದಿನ ಇರೋವಾಗ ಪೂರ್ತಿ ನಿಲ್ಲಿಸಿ ಬಳ್ಳಿ ಕುಯ್ದುಬಿಡಿ. ರೇಟ್ ಇದೆ ಅಂತ ಅವಸರ ಮಾಡ್ಬೇಡಿ, ಎರಡು ಗಿಡ ಕಿತ್ತು ಗೆಡ್ಡೆ ಮೇಲೆ ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ, ಸಿಪ್ಪೆ ಜಾರಿದ್ರೆ ಇನ್ನೂ ನಾಲ್ಕು ದಿನ ಮಣ್ಣಲ್ಲೇ ಬಿಡಿ.